ಕಾರಣ ತಿಳಿಸದ ತಿರಸ್ಕಾರಕ್ಕೆ ಮೇಲ್ಮನವಿ ಬರೆಯುವುದು ಹೇಗೆ? ಕೇರಳದ ಸಾಮಾಜಿಕ ನ್ಯಾಯ ಸಚಿವರಿಗೂ ವಿಕಲಚೇತನರ ರಾಜ್ಯ ಆಯುಕ್ತರಿಗೂ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ಮಾನ್ಯ ಆಯುಕ್ತರೇ,

ಮಂಜೇಶ್ವರ ತಾಲೂಕಿನ ನಿವಾಸಿಯಾದ ನಾನು ನನ್ನ ಅಣ್ಣನ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅವನು ಸಲ್ಲಿಸಿದ ಅಂಗವಿಕಲ ಪಿಂಚಣಿಯ ಅರ್ಜಿ ತಿರಸ್ಕೃತವಾಗಿದೆ. ಅದರ ವಿರುದ್ಧ ಮೇಲ್ಮನವಿಯನ್ನು ದಾಖಲೆಗಳ ಸಮೇತ ಬೇರೆಯಾಗಿಯೇ ಕಳುಹಿಸಿದ್ದೇವೆ, ಅದರ ಸ್ವೀಕೃತಿಯೂ ನಮ್ಮ ಕೈಯಲ್ಲಿದೆ. ಹಾಗಿದ್ದರೂ ಎಲ್ಲರೂ ಓದುವಂತೆ ಬರೆಯುವುದಕ್ಕೆ ಕಾರಣವಿದೆ. ಅಣ್ಣನ ಅರ್ಜಿ ಯಾವ ರೀತಿಯಲ್ಲಿ ತಿರಸ್ಕೃತವಾಯಿತೋ ಅದೇ ರೀತಿಯಲ್ಲಿ ಈ ಗಡಿನಾಡಿನ ಇನ್ನೆಷ್ಟೋ ಮನೆಗಳ ಅರ್ಜಿಗಳು ತಿರಸ್ಕೃತವಾಗುತ್ತಿವೆ, ಮತ್ತು ಆ ಮನೆಯವರು ತಮಗೆ ಮೇಲ್ಮನವಿಯ ಹಕ್ಕಿದೆ ಎಂಬುದನ್ನು ತಿಳಿಯದೆಯೇ ಕಾಗದವನ್ನು ಮಡಚಿ ಒಳಗಿಡುತ್ತಿದ್ದಾರೆ. ಅಣ್ಣನ ಕಾಯಿಲೆಯ ವಿವರಗಳನ್ನು ಇಲ್ಲಿ ಬರೆಯುವುದಕ್ಕೆ ಅವನ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇನೆ.

ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. 1990ರ ದಶಕದ ಕೊನೆಯಲ್ಲಿ, ಅವನು ಇನ್ನೂ ಕಾಲೇಜಿನಲ್ಲಿದ್ದಾಗ, ಅದು ಕಾಣಿಸಿಕೊಂಡಿತು. ಇಲ್ಲಿಯವರೆಲ್ಲ ಮಾಡುವಂತೆ ಅಪ್ಪ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಉಪ್ಪಳದಿಂದಾಗಲಿ ಮಂಜೇಶ್ವರದಿಂದಾಗಲಿ ಬಸ್ಸು ಹತ್ತಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ತಲಪುವ ಊರು ಅದು, ಮನೋವೈದ್ಯರು ಸಿಗುತ್ತಿದ್ದದ್ದೂ ಅಲ್ಲಿಯೇ. ಎರಡು ದಶಕಗಳಿಗೂ ಹೆಚ್ಚು ಕಾಲ ಅವನ ಚಿಕಿತ್ಸೆ ಅಲ್ಲೇ ನಡೆಯಿತು. 2020ರ ಮಾರ್ಚಿನಲ್ಲಿ ಕೋವಿಡ್‌ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಮದ್ದು ನಮಗೆ ಸಿಗದಂತಾಯಿತು, ಆ ತಿಂಗಳುಗಳಲ್ಲಿ ಅವನ ಕಾಯಿಲೆ ಮತ್ತೆ ಉಲ್ಬಣಿಸಿತು. ಅಂಥ ಪರಿಸ್ಥಿತಿ ಇನ್ನೊಮ್ಮೆ ಬರಬಾರದು ಎಂದು 2021ರಲ್ಲಿ ನಮ್ಮ ಜಿಲ್ಲೆಯಲ್ಲೇ ಸರಕಾರಿ ಚಿಕಿತ್ಸೆಗೆ ಹೆಸರು ನೋಂದಾಯಿಸಿದೆವು. ಈ ಒಂದು ಇಸವಿ ಮುಂದೆ ಮುಖ್ಯವಾಗುವುದರಿಂದ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ.

ಅಪ್ಪ, ಅಮ್ಮ ಇಬ್ಬರೂ ಈಗಿಲ್ಲ. ಅಣ್ಣ ನಮ್ಮ ಮನೆಯಲ್ಲಿದ್ದಾನೆ. ಮದ್ದು ಸರಿಯಾಗಿ ನಡೆಯುತ್ತಿರುವಾಗ ಅವನು ಶಾಂತ ಸ್ವಭಾವದವನು, ಯಾರಿಗೂ ತೊಂದರೆ ಕೊಡುವವನಲ್ಲ. ಆದರೆ ಸ್ನಾನ ಮಾಡು ಎಂದು ಹೇಳದಿದ್ದರೆ ಸ್ನಾನವಿಲ್ಲ, ಬಟ್ಟಲಿಗೆ ಬಡಿಸಿ ಕರೆಯದಿದ್ದರೆ ಊಟವಿಲ್ಲ. ಅಂಗಡಿಗೆ ಹೋಗಿ ಒಂದು ಸಾಮಾನು ಕೊಂಡು ಉಳಿದ ಚಿಲ್ಲರೆ ತರುವುದು ಅವನಿಂದಾಗುವುದಿಲ್ಲ. ಅಪರಿಚಿತರು ಏನು ಕೇಳಿದರೂ ಹೌದು ಎಂದು ತಲೆಯಾಡಿಸುತ್ತಾನೆ, ಏಕೆಂದರೆ ಹಾಗೆಂದರೆ ಅವರು ಬೇಗ ಹೋಗುತ್ತಾರೆ ಎಂಬುದು ಅವನಿಗೆ ಅನುಭವದಿಂದ ಗೊತ್ತು.

ಪಿಂಚಣಿಯ ಕ್ರಮವನ್ನು ತಾವು ಬಲ್ಲಿರಿ, ಆದರೂ ಓದುವ ಊರವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮೊದಲು ಮೆಡಿಕಲ್ ಬೋರ್ಡ್‌ ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸಿ ಪ್ರಮಾಣಪತ್ರ ಕೊಡಬೇಕು, ಈಗ ಅದು ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನೊಂದಿಗೆ ಜೋಡಿಸಿಕೊಂಡಿದೆ. ಆ ಬಳಿಕ ಆದಾಯ ಪ್ರಮಾಣಪತ್ರ ಮುಂತಾದವನ್ನು ಸೇರಿಸಿ ಗ್ರಾಮ ಪಂಚಾಯತಿಗೆ ಅರ್ಜಿ ಕೊಡಬೇಕು. ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇಕಡಾ 80ರಷ್ಟು ವೈಕಲ್ಯ ಇರಬೇಕು, ಮತ್ತು ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ ಮಾತ್ರ. ಕೇರಳ ಸರಕಾರ ಅರ್ಹತೆಯನ್ನು ಶೇಕಡಾ 40ಕ್ಕೆ ಇಳಿಸಿ, ತನ್ನ ಬೊಕ್ಕಸದಿಂದ ಹಣ ಸೇರಿಸಿ, ಈಚೆಗೆ ಮೊತ್ತವನ್ನು 1,600 ರೂಪಾಯಿಯಿಂದ 2,000 ರೂಪಾಯಿಗೆ ಏರಿಸಿದೆ. ಈ ವಿಷಯದಲ್ಲಿ ನಮ್ಮ ರಾಜ್ಯ ಅನೇಕ ರಾಜ್ಯಗಳಿಗಿಂತ ಉದಾರವಾಗಿದೆ ಎಂಬುದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಅಷ್ಟು ಉದಾರವಾದ ಯೋಜನೆಯ ಬಾಗಿಲಲ್ಲಿ ಅರ್ಹನಾದವನನ್ನು ತಡೆದು ನಿಲ್ಲಿಸುವ ಕಾಗದ ಹೇಗಿದೆ ಎಂಬುದನ್ನು ತಾವು ನೋಡಬೇಕೆಂಬುದೇ ನನ್ನ ಪ್ರಾರ್ಥನೆ.

ಅಣ್ಣನಿಗೆ ಬಂದ ಕಾಗದದಲ್ಲಿ ಮಲಯಾಳದಲ್ಲಿ ಬರೆದ ಒಂದೇ ಒಂದು ವಾಕ್ಯವಿತ್ತು. ಅರ್ಜಿದಾರರಿಗೆ ನಿಗದಿತ ಪ್ರಮಾಣದ ವೈಕಲ್ಯ ಇಲ್ಲದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರ. ಎಷ್ಟು ಅಂಕ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ, ಯಾವ ದಾಖಲೆಯನ್ನು ನೋಡಿದರು, ಯಾವುದನ್ನು ಬಿಟ್ಟರು, ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಯಾರ ಬಳಿ ಹೋಗಬೇಕು, ಎಷ್ಟು ಸಮಯದೊಳಗೆ ಹೋಗಬೇಕು ಎಂಬ ಯಾವ ವಿವರವೂ ಅದರಲ್ಲಿರಲಿಲ್ಲ. ಪಂಚಾಯತಿನಲ್ಲಿ ಕೇಳಿದರೆ ಬೋರ್ಡಿನ ನಿರ್ಧಾರವನ್ನು ತಾವು ಬದಲಿಸುವಂತಿಲ್ಲ ಎಂದರು. ಅದು ನ್ಯಾಯವಾದ ಮಾತೇ. ಆಸ್ಪತ್ರೆಯಲ್ಲಿ ಕೇಳಿದರೆ ಬೋರ್ಡಿನ ಕೆಲಸ ಮುಗಿದಿದೆ, ಪಿಂಚಣಿಯ ವಿಷಯ ಪಂಚಾಯತಿನದ್ದು ಎಂದರು. ಎರಡೂ ಕಡೆಯವರು ತಮ್ಮ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಹೇಳಿರಬಹುದು, ಆದರೆ ಆ ಎರಡು ಸರಿಗಳ ನಡುವೆ ನಮ್ಮ ಅರ್ಜಿಗೆ ಮುಂದಿನ ದಾರಿಯೇ ಇರಲಿಲ್ಲ.

ಕಡೆಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಬೋರ್ಡಿನ ಅಂಕಪಟ್ಟಿಯ ಪ್ರತಿಯನ್ನು ಪಡೆದೆವು. ಈ ಪತ್ರದ ಮುಖ್ಯ ವಿಷಯ ಆ ಒಂದು ಹಾಳೆಯಲ್ಲಿದೆ, ಆದ್ದರಿಂದ ಸ್ವಲ್ಪ ವಿವರಿಸಲು ಅಪ್ಪಣೆಯಾಗಲಿ.

ಮಾನಸಿಕ ಕಾಯಿಲೆಯಿಂದ ಉಂಟಾಗುವ ವೈಕಲ್ಯವನ್ನು ಅಳೆಯಲು ನಮ್ಮ ದೇಶದಲ್ಲಿ ಬಳಸುವುದು ಭಾರತೀಯ ಮನೋವೈದ್ಯಕೀಯ ಸಂಘದ ಪುನರ್ವಸತಿ ಸಮಿತಿ ರೂಪಿಸಿದ ‘ಐಡಿಯಾಸ್’ ಎಂಬ ಮಾಪನ. ಅದರಲ್ಲಿ ನಾಲ್ಕು ವಿಭಾಗಗಳಿವೆ. ತನ್ನ ದೇಹದ ಆರೈಕೆಯನ್ನು ತಾನು ಮಾಡಿಕೊಳ್ಳುವುದು ಒಂದು, ಇತರರೊಂದಿಗಿನ ಒಡನಾಟ ಇನ್ನೊಂದು, ಮಾತುಕತೆ ಮತ್ತು ಗ್ರಹಿಕೆ ಮೂರನೆಯದು, ಉದ್ಯೋಗವೋ ಮನೆಗೆಲಸವೋ ಓದೋ ಅಂತೂ ಕೆಲಸ ನಾಲ್ಕನೆಯದು. ಒಂದೊಂದಕ್ಕೂ 0ರಿಂದ 4ರವರೆಗೆ ಅಂಕ, ಕಷ್ಟ ಹೆಚ್ಚಾದಷ್ಟೂ ಅಂಕ ಹೆಚ್ಚು. ಇವುಗಳ ಮೊತ್ತಕ್ಕೆ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದರ ಅಂಕವನ್ನು ಸೇರಿಸಬೇಕು. ಎರಡು ವರ್ಷಕ್ಕಿಂತ ಕಡಿಮೆಯಾದರೆ 1, ಎರಡರಿಂದ ಐದು ವರ್ಷಕ್ಕೆ 2, ಆರರಿಂದ ಹತ್ತು ವರ್ಷಕ್ಕೆ 3, ಹತ್ತು ವರ್ಷ ಮೀರಿದರೆ 4. ಹೀಗೆ ಒಟ್ಟು 20 ಅಂಕ. ಮೊತ್ತ 1ರಿಂದ 6ರೊಳಗಿದ್ದರೆ ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ, 7ರಿಂದ 13ರವರೆಗೆ ಇದ್ದರೆ ಶೇಕಡಾ 40ರಿಂದ 70.

ಅಣ್ಣನಿಗೆ ನಾಲ್ಕು ವಿಭಾಗಗಳಲ್ಲೂ ತಲಾ 1 ಅಂಕ ಬಿದ್ದಿದೆ. ಕಾಯಿಲೆಯ ಅವಧಿಗೆ 2 ಅಂಕ. ಒಟ್ಟು 6.

ಕಾಯಿಲೆಯ ಅವಧಿ ಎರಡರಿಂದ ಐದು ವರ್ಷ ಎಂದು ಹೇಗೆ ಬಂತು? ನಮ್ಮ ಜಿಲ್ಲೆಯ ಚಿಕಿತ್ಸಾ ಪುಸ್ತಕ 2021ರಿಂದ ಆರಂಭವಾಗುತ್ತದೆ, ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ. ಅದಕ್ಕೂ ಹಿಂದಿನ ದಾಖಲೆಗಳ ಕಟ್ಟು, ಬೇರೆ ಬೇರೆ ವೈದ್ಯರ ಕೈಬರಹದ ಚೀಟಿಗಳು, ಆಸ್ಪತ್ರೆಗೆ ಸೇರಿಸಿದಾಗಿನ ಬಿಡುಗಡೆ ಪತ್ರಗಳು, ಎಲ್ಲವೂ ಬೋರ್ಡಿನ ಮುಂದೆ ಹೋದ ದಿನ ನಮ್ಮ ಕೈಯಲ್ಲಿದ್ದವು. ಅವು ಹೊರರಾಜ್ಯದ ದಾಖಲೆಗಳು ಎಂದು ಮೇಜಿನ ಮೇಲಿಂದಲೇ ಹಿಂದಿರುಗಿಸಲಾಯಿತು. ಆ ದಾಖಲೆಗಳನ್ನು ನೋಡಿದ್ದರೆ ಅವಧಿಯ ಅಂಕ 4 ಆಗುತ್ತಿತ್ತು. ಬೋರ್ಡ್ ತಾನೇ ಕೊಟ್ಟ ಉಳಿದ ನಾಲ್ಕು ಅಂಕಗಳನ್ನು ಒಂದಿಷ್ಟೂ ಬದಲಿಸದೆ, ಯಾವ ವೈದ್ಯರ ತೀರ್ಮಾನವನ್ನೂ ಪ್ರಶ್ನಿಸದೆ, ಕಾಯಿಲೆಯ ನಿಜವಾದ ವಯಸ್ಸನ್ನಷ್ಟೇ ಬರೆದರೂ ಮೊತ್ತ 8 ಆಗುತ್ತದೆ, ಅಂದರೆ ಶೇಕಡಾ 40ರ ಗೆರೆಯನ್ನು ದಾಟುತ್ತದೆ. ಮೇಲ್ಮನವಿಯ ಮೊದಲ ಪುಟದಲ್ಲಿ ನಾವು ಬರೆದದ್ದು ಇಷ್ಟನ್ನೇ. ಕಾಗದದಲ್ಲಿ ಕಾರಣವನ್ನು ಬರೆದಿದ್ದರೆ ಈ ಲೆಕ್ಕ ಅದೇ ವಾರ ಸರಿಯಾಗುತ್ತಿತ್ತು. ಕಾರಣ ಕಾಣದೆ ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಉಳಿದ ಅಂಕಗಳನ್ನು ನಾವು ಒಪ್ಪಿದ್ದೇವೆ ಎಂದು ಇದರ ಅರ್ಥವಲ್ಲ. ಕೆಲಸ ಎಂಬ ವಿಭಾಗದ ಎದುರು ‘ತೋಟದಲ್ಲಿ ಕೆಲಸ ಮಾಡುತ್ತಾರೆ’ ಎಂದು ಬರೆದಿದೆ. ಏನಾದರೂ ಕೆಲಸ ಮಾಡುತ್ತೀರಾ ಎಂದು ವೈದ್ಯರು ಮಲಯಾಳದಲ್ಲಿ ಕೇಳಿದರು, ಅಣ್ಣ ಹೌದೆಂದು ತಲೆಯಾಡಿಸಿದ. ನಾನು ಬೆಳಗ್ಗೆ ಅಡಕೆ ಹೆಕ್ಕಲು ಹೋಗುವಾಗ ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲಾಗದೆ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಅವನು ಕೆಲವು ಅಡಕೆಗಳನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಾನೆ, ಆಮೇಲೆ ಒಂದು ಮರದ ಬುಡದಲ್ಲಿ ಕುಳಿತುಬಿಡುತ್ತಾನೆ. ಇದು ಕೆಲಸವಾದರೆ, ಒಂದೇ ಒಂದು ದಿನದ ಕೂಲಿಯನ್ನು ಅವನಿಗೆ ಯಾರಾದರೂ ಕೊಡುವರೇ ಎಂದು ಕೇಳಬೇಕಾಗುತ್ತದೆ. ಈ ವಿವರವನ್ನು ಹೇಳಲು ನಾನು ಎದ್ದಾಗ, ರೋಗಿಯೇ ಉತ್ತರಿಸಲಿ ಎಂದರು. ರೋಗಿಯ ಮಾತನ್ನು ರೋಗಿಯ ಬಾಯಿಂದಲೇ ಕೇಳಬೇಕೆಂಬ ಗೌರವ ಬೇರೆ ಸಂದರ್ಭದಲ್ಲಾದರೆ ನನಗೂ ಮೆಚ್ಚುಗೆಯದ್ದೇ. ಆದರೆ ಐಡಿಯಾಸ್ ಮಾಪನದಲ್ಲಿ ಜೊತೆಗಿದ್ದು ನೋಡಿಕೊಳ್ಳುವವರಿಂದಲೂ ಚಿಕಿತ್ಸೆಯ ದಾಖಲೆಗಳಿಂದಲೂ ವಿವರ ಪಡೆಯುವುದು ಕ್ರಮ, ಏಕೆಂದರೆ ತನಗೆ ಏನಾಗುತ್ತಿದೆ ಎಂದು ವಿವರಿಸುವ ಶಕ್ತಿಯನ್ನೇ ಈ ಕಾಯಿಲೆ ಕುಂದಿಸುತ್ತದೆ.

ಅದಕ್ಕಿಂತಲೂ ನನ್ನನ್ನು ನೋಯಿಸುವುದು ಮಾತುಕತೆ ಮತ್ತು ಗ್ರಹಿಕೆಯ ಅಂಕ. ನಮ್ಮ ಮನೆಯಲ್ಲಿ ಆಡುವುದು ತುಳು ಮತ್ತು ಕನ್ನಡ. ಅಣ್ಣ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಂತೆಯಲ್ಲಿ, ಬಸ್ಸಿನಲ್ಲಿ ಬೇಕಾಗುವಷ್ಟು ಮಲಯಾಳ ನಮಗೆಲ್ಲರಿಗೂ ಬರುತ್ತದೆ, ಅಣ್ಣನಿಗೂ ಒಂದು ಕಾಲದಲ್ಲಿ ಬರುತ್ತಿತ್ತು. ಆದರೆ ಕಾಯಿಲೆಯಿಂದ ಯೋಚನೆಯೇ ಚದುರಿಹೋಗಿರುವ ಒಬ್ಬನ ಗ್ರಹಿಕೆಯನ್ನು ಅವನ ಮನೆಮಾತಲ್ಲದ ಭಾಷೆಯಲ್ಲಿ ನಾಲ್ಕಾರು ಪ್ರಶ್ನೆ ಕೇಳಿ ಅಳೆದರೆ, ಬರುವ ಅಂಕ ಯಾವುದರದ್ದು? ಅವನು ಮೌನವಾಗಿದ್ದರೆ ಭಾಷೆ ಬಾರದ್ದಕ್ಕೆ ಮೌನವೆಂದು ಬರೆಯಬಹುದು, ತಲೆಯಾಡಿಸಿದರೆ ಅರ್ಥವಾಯಿತೆಂದು ಬರೆಯಬಹುದು. ಎರಡರಲ್ಲೂ ಕಾಯಿಲೆ ಕಾಣಿಸುವುದಿಲ್ಲ. ವೈದ್ಯರಲ್ಲಿ ದುರುದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಹೊರಗೆ ಕಾಯುತ್ತಿದ್ದವರ ಸಾಲು ಉದ್ದವಿತ್ತು, ಅವರು ಯಾರೊಂದಿಗೂ ಒರಟಾಗಿ ನಡೆದುಕೊಳ್ಳಲಿಲ್ಲ. ಕನ್ನಡ ಬಲ್ಲ ಒಬ್ಬ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಪಕ್ಕದಲ್ಲಿ ಕೂರಿಸುವ ಏರ್ಪಾಡು ಅಲ್ಲಿರಲಿಲ್ಲ, ಅಷ್ಟೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ.

ಕಾನೂನು ಈ ವಿಷಯದಲ್ಲಿ ನಮಗೆ ವಿರುದ್ಧವಾಗಿಲ್ಲ ಎಂಬುದೇ ನನಗೆ ಧೈರ್ಯ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 59ನೆಯ ಸೆಕ್ಷನ್, ಪ್ರಮಾಣೀಕರಿಸುವ ಅಧಿಕಾರಿಯ ತೀರ್ಮಾನದಿಂದ ಬಾಧಿತನಾದ ಯಾರೇ ಆಗಲಿ ರಾಜ್ಯ ಸರಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು ಎನ್ನುತ್ತದೆ. ಅದರಡಿ ರಚಿತವಾದ 2017ರ ನಿಯಮಗಳಲ್ಲಿ ಪ್ರಮಾಣಪತ್ರದ ಅರ್ಜಿ ತಿರಸ್ಕೃತವಾದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದಿದೆ, ಅದಕ್ಕೆಂದೇ ಒಂದು ನಮೂನೆಯಿದೆ, ಮತ್ತು ಆ ನಮೂನೆಯ ಕೊನೆಯಲ್ಲಿ ಈ ತೀರ್ಮಾನದ ಮರುಪರಿಶೀಲನೆಗೆ ಯಾರಿಗೆ ಬರೆದುಕೊಳ್ಳಬಹುದು ಎಂದು ತುಂಬಿಸಲು ಜಾಗವನ್ನೇ ಬಿಟ್ಟಿದ್ದಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಕೂಡ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸುತ್ತದೆ. ಭಾಷೆಯ ವಿಷಯಕ್ಕೆ ಬಂದರೆ, ಸಂವಿಧಾನದ 350ನೆಯ ವಿಧಿ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಆ ಭಾಷೆಯಲ್ಲೇ ಬರಬೇಕೆಂದೂ ಅವಕಾಶ ಮಾಡಿದೆ. ನಾವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ.

ನಮ್ಮ ಜಿಲ್ಲೆಯ ಹೊರಗಿನ ಓದುಗರಿಗೆ ಇನ್ನೊಂದು ಮಾತನ್ನು ಹೇಳಬೇಕು. ಕಾಸರಗೋಡು, ಅಂಗವೈಕಲ್ಯ, ನೆರವು ಎಂಬ ಮೂರು ಪದ ಒಟ್ಟಿಗೆ ಬಂದರೆ ಎಲ್ಲರಿಗೂ ನೆನಪಾಗುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮುಂತಾದ ಕನ್ನಡ ತುಳು ಊರುಗಳಿಗೆ ಏನು ಮಾಡಿತೆಂಬುದನ್ನು ನಾವು ಕಣ್ಣಾರೆ ಕಂಡವರು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿದ ಮೇಲೂ, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ವಿಷಯ ಮತ್ತೆ ಬಂದಾಗ, 3,704 ಸಂತ್ರಸ್ತರ ಪೈಕಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ ಹಣ ಸಂದಿತ್ತು. ಕೇಳಿಕೊಂಡು ಕೋರ್ಟಿಗೆ ಹೋದವರಿಗೆ ಸಿಕ್ಕಿತು, ಹೋಗಲಾರದವರಿಗೆ ಸಿಗಲಿಲ್ಲ. ಆದರೆ ಆ ಸಂತ್ರಸ್ತರ ಪಟ್ಟಿಯೇ ಬೇರೆ, ಸಾಮಾನ್ಯ ಅಂಗವಿಕಲ ಪಿಂಚಣಿಯೇ ಬೇರೆ. ಪಿಂಚಣಿಗೆ ವೈಕಲ್ಯದ ಕಾರಣವನ್ನು ಸಾಬೀತುಪಡಿಸಬೇಕಾಗಿಲ್ಲ, ವೈಕಲ್ಯ ಇದ್ದರೆ ಸಾಕು. ಎಂಡೋಸಲ್ಫಾನ್ ಪಟ್ಟಿಯಿಂದ ಹೆಸರು ಬಿಟ್ಟುಹೋದ ಮನೆಯವರು ತಮಗೆ ಇನ್ನಾವ ನೆರವೂ ಇಲ್ಲವೆಂದು ಭಾವಿಸಿ ಪಿಂಚಣಿಗೆ ಅರ್ಜಿಯನ್ನೇ ಹಾಕದಿರುವುದನ್ನು ನಾನು ಕಂಡಿದ್ದೇನೆ. ಇದನ್ನು ಬಿಡಿಸಿ ಹೇಳುವ ಒಂದು ಕನ್ನಡದ ಕರಪತ್ರವೂ ನಮ್ಮ ಕಡೆ ಸಿಗುತ್ತಿಲ್ಲ.

ನಮ್ಮ ನೆರೆಯಲ್ಲಿ ಅಡಕೆಯ ಕೊನೆ ಕೊಯ್ಯುವ ಒಬ್ಬರಿದ್ದರು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಒಂದು ಕಾಲಿನ ಬಲ ಹೋಯಿತು. ಅವರಿಗೂ ಇಂಥದ್ದೇ ಒಂದು ವಾಕ್ಯದ ಕಾಗದ ಬಂತು. ಸರಕಾರ ಇಲ್ಲವೆಂದ ಮೇಲೆ ಮುಗಿಯಿತು ಎಂದು ಅವರು ಸುಮ್ಮನಾದರು. ಅದಕ್ಕೆ ಮೇಲ್ಮನವಿ ಇದೆಯೆಂದು ನಾನು ಹೇಳಿದಾಗ, ಹಾಗಿದ್ದರೆ ಕಾಗದದಲ್ಲಿ ಬರೆಯುತ್ತಿರಲಿಲ್ಲವೇ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಮಾನ್ಯ ಸಚಿವರಲ್ಲಿ ನಾನು ಬೇಡುವುದು ಇಷ್ಟು. ಕಾಸರಗೋಡು ಜಿಲ್ಲೆಯ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಅಂಗವೈಕಲ್ಯಕ್ಕೆ ಸಂಬಂಧಿಸಿದ ಯಾವುದೇ ತಿರಸ್ಕಾರವನ್ನು ಕನ್ನಡದಲ್ಲಿ, ಕಾರಣ ಸಹಿತ, ಮೇಲ್ಮನವಿಯ ಪ್ರಾಧಿಕಾರ ಮತ್ತು ಗಡುವನ್ನು ನಮೂದಿಸಿಯೇ ಕಳುಹಿಸಬೇಕೆಂದು ಇಲಾಖೆಯಿಂದ ಸುತ್ತೋಲೆ ಹೊರಡಿಸಿರಿ. ಅಂಕಪಟ್ಟಿಯ ಪ್ರತಿಯನ್ನು ಅದರ ಜೊತೆಗೇ ಲಗತ್ತಿಸುವಂತಾಗಲಿ, ತನ್ನ ದೇಹ ಮತ್ತು ಮನಸ್ಸಿನ ಬಗ್ಗೆ ಬರೆದದ್ದನ್ನು ಓದಲು ಯಾರೂ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಗಿ ಬರಬಾರದು. ಮಂಗಳೂರಿನ ಚಿಕಿತ್ಸೆಯ ದಾಖಲೆಗಳನ್ನು ಹೊರರಾಜ್ಯದವು ಎಂಬ ಒಂದೇ ಕಾರಣಕ್ಕೆ ಬದಿಗಿಡಕೂಡದೆಂದು ಆರೋಗ್ಯ ಇಲಾಖೆಯೊಂದಿಗೆ ಮಾತನಾಡಿ ಸ್ಪಷ್ಟಪಡಿಸಿರಿ. ನಮ್ಮಲ್ಲಿ ಹಳೆಯ ಕಾಯಿಲೆಗಳ ದಾಖಲೆಗಳೆಲ್ಲ ಇರುವುದೇ ಅಲ್ಲಿ, ಹಾಗಾಗಿ ಈ ಒಂದು ಅಡ್ಡಿ ಎಲ್ಲಕ್ಕಿಂತ ಹೆಚ್ಚು ಜನರನ್ನು ತಡೆಯುತ್ತದೆ ಎಂದು ನನ್ನ ನಂಬಿಕೆ.

ಮಾನ್ಯ ಆಯುಕ್ತರಲ್ಲಿ, 2016ರ ಅಧಿನಿಯಮದ 80ನೆಯ ಸೆಕ್ಷನ್ ತಮಗೆ ಹಕ್ಕುಗಳ ನಿರಾಕರಣೆಯನ್ನು ಸ್ವತಃ ವಿಚಾರಿಸುವ ಅಧಿಕಾರವನ್ನು ಕೊಟ್ಟಿದೆ, ತಮ್ಮ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡರೆಂದು ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ತಮಗೆ ತಿಳಿಸಬೇಕೆಂದು 81ನೆಯ ಸೆಕ್ಷನ್ ಹೇಳುತ್ತದೆ. ತಮ್ಮ ಕಚೇರಿ ಇರುವುದು ತಿರುವನಂತಪುರದಲ್ಲಿ, ರಾಜ್ಯದ ಇನ್ನೊಂದು ತುದಿಯಲ್ಲಿ. ಕಾಸರಗೋಡಿನಲ್ಲಿ ಕನ್ನಡ ಬಲ್ಲ ಸಿಬ್ಬಂದಿಯ ಸಹಾಯದಿಂದ ಒಂದು ಅದಾಲತ್ ನಡೆಸಿದರೆ, ಒಳಗಿಟ್ಟ ಕಾಗದಗಳನ್ನು ಹಿಡಿದುಕೊಂಡು ಜನ ಬರುತ್ತಾರೆ.

ಊರಿನವರಲ್ಲಿ ಒಂದು ಮಾತು. ತಿರಸ್ಕಾರದ ಕಾಗದ ಬಂದ ದಿನಾಂಕವನ್ನು ಬರೆದಿಡಿ, ಲಕೋಟೆಯನ್ನು ಎಸೆಯಬೇಡಿ. ಅಂಕಪಟ್ಟಿಯನ್ನು ಕೇಳಿ ಪಡೆಯಿರಿ. ಹಳೆಯ ಚೀಟಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೆಂದು ಹುಡುಕಿ ಅದರ ನೆರಳಚ್ಚನ್ನು ಮೇಲೆಯೇ ಇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ತಾಲೂಕು ಸಮಿತಿಯ ಕಚೇರಿಯಲ್ಲಿ ಕೇಳಿದರೆ ವಕೀಲರನ್ನು ಕೊಡುತ್ತಾರೆ. ನಮಗೂ ಮೇಲ್ಮನವಿಯ ಕರಡನ್ನು ತಿದ್ದಿಕೊಟ್ಟವರು ಅಂಥ ಒಬ್ಬ ವಕೀಲೆ.

ಅಣ್ಣನ ಮೇಲ್ಮನವಿಯ ವಿಚಾರಣೆಗೆ ಇನ್ನೂ ದಿನ ಗೊತ್ತಾಗಿಲ್ಲ. ಗೊತ್ತುಪಡಿಸುವಾಗ ಬೆಳಗಿನ ಹೊತ್ತನ್ನೇ ಕೊಡಬೇಕೆಂದು ವಿನಂತಿಸುತ್ತೇನೆ, ಮಧ್ಯಾಹ್ನದ ಮದ್ದು ತೆಗೆದುಕೊಂಡ ಮೇಲೆ ಅವನಿಗೆ ನಿದ್ದೆಯ ಮಂಪರು ಇರುತ್ತದೆ. ಕನ್ನಡ ಬಲ್ಲ ಒಬ್ಬರು ಬೋರ್ಡಿನ ಜೊತೆ ಇರಲಿ, ಅಣ್ಣನ ಬಳಿಕ ನನ್ನನ್ನೂ ಒಮ್ಮೆ ಕೇಳಲಿ. ಮಂಗಳೂರಿನ ಮೂಲ ದಾಖಲೆಗಳ ಕಟ್ಟನ್ನು ಆ ದಿನ ಮತ್ತೆ ತರುತ್ತೇವೆ.

ಇತಿ ವಿನಮ್ರಳಾದ,
ಮಂಜೇಶ್ವರ ತಾಲೂಕಿನ ಒಬ್ಬ ತಂಗಿ